ನಲವತ್ತು ತಾಯಿಯ ಲೆಕ್ಕ, ಮಗುವಿನದ್ದಲ್ಲ

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವನ್ನು ಆಸ್ಪತ್ರೆಯಿಂದ ಬಿಡುವ ದಿನ ಮನೆಯವರು ಕೇಳುವ ಮೊದಲ ಪ್ರಶ್ನೆ ಬಿಲ್ಲು ಎಷ್ಟಾಯಿತು ಎಂಬುದು. ಎರಡನೆಯದು, ಮಗುವನ್ನು ತಾಯಿಮನೆಗೆ ಕರೆದೊಯ್ಯುವುದೋ ಗಂಡನ ಮನೆಗೋ ಎಂಬುದು. ಅಷ್ಟು ದೂರ ಈ ಮಗು ಕಾರಿನಲ್ಲಿ ಹೇಗೆ ಹೋಗಬೇಕು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ಬಹಳ ಕಡಿಮೆ. ಎಷ್ಟೋ ಕಡೆ ವೈದ್ಯರೂ ಅದನ್ನು ತಾವಾಗಿ ಎತ್ತುವುದಿಲ್ಲ. ಔಷಧಿ ಚೀಟಿ, ಚುಚ್ಚುಮದ್ದಿನ ಕಾರ್ಡು, ಮುಂದೆ ಬರಬೇಕಾದ ದಿನಾಂಕ, ಇಷ್ಟನ್ನು ಕೈಗೆ ಕೊಟ್ಟಲ್ಲಿಗೆ ಆಸ್ಪತ್ರೆಯ ಕೆಲಸ ಮುಗಿಯುತ್ತದೆ. ವಾರಗಟ್ಟಲೆ ಗಾಜಿನ ಪೆಟ್ಟಿಗೆಯೊಳಗೆ, ಉಸಿರು ಮತ್ತು ಎದೆಬಡಿತ ಎಣಿಸುವ ಯಂತ್ರದ ಪಕ್ಕದಲ್ಲಿ ಮಲಗಿದ್ದ ಎರಡು ಕಿಲೋದ ಜೀವ ಅರ್ಧ ಗಂಟೆಯೊಳಗೆ ಏಳು ಜನ ತುಂಬಿದ ಕಾರಿನಲ್ಲಿ ಪಂಪ್‌ವೆಲ್ ದಾಟಿರುತ್ತದೆ.

ನಮ್ಮ ಕಡೆಯವರಿಗೆ ಇದು ಸಣ್ಣ ವಿಷಯವಲ್ಲ. ಸರಕಾರಿ ಲೇಡಿಗೋಶನ್ ಇರಲಿ, ಖಾಸಗಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿರಲಿ, ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲಿ ಹೆಚ್ಚಿನವು ಮಂಗಳೂರು ಮತ್ತು ದೇರಳಕಟ್ಟೆಯ ಸುತ್ತ ಇವೆ. ಮಗುವಿನ ಮನೆ ಇರುವುದು ಬಂಟ್ವಾಳದ ಆಚೆ, ಬೆಳ್ತಂಗಡಿಯ ಒಳಹಳ್ಳಿಯಲ್ಲಿ, ಮೂಡುಬಿದಿರೆಯ ಯಾವುದೋ ತಿರುವಿನಲ್ಲಿ. ಮಂಗಳೂರಿನಿಂದ ಬಿ.ಸಿ.ರೋಡಿಗೆ ಸುಮಾರು 25 ಕಿ.ಮೀ., ಮೂಡುಬಿದಿರೆಗೆ 35, ಬೆಳ್ತಂಗಡಿಗೆ 60. ದೊಡ್ಡವರಿಗೆ ಇದು ದೂರವೇ ಅಲ್ಲ, ಒಂದು ಸಿನಿಮಾ ನೋಡುವ ಹೊತ್ತೂ ಆಗುವುದಿಲ್ಲ. ಆದರೆ ಬೆಳ್ತಂಗಡಿ ದಾರಿ ಎಂದರೆ ಒಂದೂವರೆ ಎರಡು ಗಂಟೆ. ಪುಂಜಾಲಕಟ್ಟೆಯಿಂದ ಚಾರ್ಮಾಡಿ ಕಡೆಗಿನ ಅಗಲೀಕರಣ, ಬಿಕರ್ನಕಟ್ಟೆಯಿಂದ ಸಾಣೂರಿನವರೆಗಿನ ಚತುಷ್ಪಥದ ಕಾಮಗಾರಿ, ಮಳೆಗಾಲದ ಹೊಂಡಗಳು, ಇವನ್ನೆಲ್ಲ ಕಂಡವರಿಗೆ ಅದು ಎಂಥ ಎರಡು ಗಂಟೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳು ತುಂಬದ ಮಗುವಿಗೆ ಅದು ಬಹಳ ದೀರ್ಘ ಪ್ರಯಾಣ.

ಹೀಗೆ ಬೇಗ ಹುಟ್ಟುವ ಮಕ್ಕಳು ಅಪರೂಪದವರೂ ಅಲ್ಲ. 37 ವಾರ ತುಂಬುವ ಮುನ್ನ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. 2020ರಲ್ಲಿ ಭಾರತದಲ್ಲಿ ಇಂಥ ಸುಮಾರು 30 ಲಕ್ಷ ಮಕ್ಕಳು ಹುಟ್ಟಿದ್ದಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಹೊರತಂದ ಅಂದಾಜು. ಜಗತ್ತಿನ ಬೇರೆ ಯಾವ ದೇಶದಲ್ಲೂ ಇಷ್ಟು ಇಲ್ಲ. ನಮ್ಮ ಜಮಾಅತಿನಲ್ಲಿ ಅಂಥ ಒಂದು ಮನೆ ಇಲ್ಲವೆಂದು ಯಾರೂ ಹೇಳಲಾರರು.

ಇನ್ನು ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ನಮ್ಮಲ್ಲಿ ಮಗುವಿನ ಓಡಾಟದ ದಿನಾಂಕಗಳನ್ನು ನಿಶ್ಚಯಿಸುವುದು ಮಗುವಿನ ಸ್ಥಿತಿಯಲ್ಲ, ನಮ್ಮ ಕ್ಯಾಲೆಂಡರು. ಏಳನೆಯ ದಿನ ಅಕೀಕ ಮತ್ತು ಹೆಸರಿಡುವುದು. ನಲವತ್ತಕ್ಕೆ ತಾಯಿಯ ಸ್ನಾನ, ಅದಾದ ಮೇಲೆ ಗಂಡನ ಮನೆಯವರು ಎರಡು ಮೂರು ಕಾರು ಮಾಡಿಕೊಂಡು ಬಂದು ತಾಯಿ ಮಗುವನ್ನು ಕರೆದೊಯ್ಯುವುದು. ನಡುವೆ ಯಾರದೋ ನಿಶ್ಚಿತಾರ್ಥ, ಯಾರದೋ ಗೃಹಪ್ರವೇಶ. ಗಲ್ಫಿನಲ್ಲಿರುವ ಮಗುವಿನ ಬಾಪನಿಗೆ ರಜೆ ಸಿಕ್ಕಿರುವುದು ಹದಿನೈದೇ ದಿನ. ಆ ಹದಿನೈದು ದಿನದಲ್ಲಿ ಮಗುವನ್ನು ಬೆಳ್ತಂಗಡಿಯ ಅಜ್ಜಿಗೂ ತೋರಿಸಬೇಕು, ಮೂಡುಬಿದಿರೆಯ ದೊಡ್ಡಮ್ಮನಿಗೂ ತೋರಿಸಬೇಕು. ಗುರುವಾಯನಕೆರೆಯಿಂದ ವೇಣೂರು ದಾರಿಯಾಗಿ ಮೂಡುಬಿದಿರೆ, ಅಲ್ಲಿಂದ ಸಿದ್ಧಕಟ್ಟೆ ಮಾರ್ಗವಾಗಿ ಬಂಟ್ವಾಳ, ಒಂದೇ ದಿನದಲ್ಲಿ ಸುತ್ತಿ ಬರುವವರಿದ್ದಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಅದರಲ್ಲಿ ಸಂಶಯವಿಲ್ಲ.

ಆದರೆ ಒಂದು ಸರಳ ಲೆಕ್ಕ ಮಾಡಿ ನೋಡಿ. 32 ವಾರಕ್ಕೆ ಹುಟ್ಟಿದ ಮಗುವಿಗೆ ನಲವತ್ತು ದಿನ ಸೇರಿಸಿದರೆ ಎಷ್ಟಾಯಿತು? ನಲವತ್ತು ದಿನ ಎಂದರೆ ಆರು ವಾರಕ್ಕೆ ಎರಡು ದಿನ ಕಡಿಮೆ. ಅಂದರೆ ನಾವು ನಲವತ್ತನೆಯ ದಿನದ ಬಿರಿಯಾನಿ ತಿನ್ನುವ ಹೊತ್ತಿಗೆ ಗರ್ಭದ ಲೆಕ್ಕದಲ್ಲಿ ಆ ಮಗುವಿಗೆ ಇನ್ನೂ 38 ವಾರವೂ ತುಂಬಿಲ್ಲ. ಹೊಟ್ಟೆಯೊಳಗೇ ಇದ್ದಿದ್ದರೆ ಹುಟ್ಟಲು ಇನ್ನೂ ಎರಡು ವಾರವಿರುತ್ತಿತ್ತು. 30 ವಾರಕ್ಕೆ ಹುಟ್ಟಿದ್ದಾದರೆ 36 ವಾರವೂ ಆಗಿರುವುದಿಲ್ಲ. ವೈದ್ಯರು ಇಂಥ ಮಕ್ಕಳ ವಯಸ್ಸನ್ನು ಎಣಿಸುವುದೇ ಬೇರೆ ರೀತಿಯಲ್ಲಿ. ಹುಟ್ಟಿದ ದಿನದಿಂದ ಎಣಿಸದೆ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸುತ್ತಾರೆ. ನಲವತ್ತು ತಾಯಿಯ ದೇಹದ ಲೆಕ್ಕ, ಅವಳ ಬಾಣಂತನದ ಲೆಕ್ಕ. ಅದನ್ನು ಮಗುವಿನ ತಲೆಗೆ ಕಟ್ಟಿದ್ದು ನಾವು.

ಅಕೀಕದ ವಿಷಯದಲ್ಲಿಯೂ ಇಷ್ಟೇ. ಏಳನೆಯ ದಿನಕ್ಕೆ ಆಗದಿದ್ದರೆ ಅನಂತರವೂ ಮಾಡಲು ಅವಕಾಶವಿದೆ ಎಂಬುದು ಮಸೀದಿಯ ಉಸ್ತಾದರನ್ನು ಕೇಳಿದರೆ ತಿಳಿಯುತ್ತದೆ. ಅಕೀಕಕ್ಕೆ ಮಗುವನ್ನು ಅರುವತ್ತು ಕಿಲೋಮೀಟರ್ ಹೊತ್ತು ತಂದು ಸಭೆಯ ನಡುವೆ ಇಡಬೇಕೆಂದು ಯಾರೂ ಹೇಳಿಲ್ಲ. ರೋಗಿಗೂ ಪ್ರಯಾಣಿಕನಿಗೂ ನಮಾಝ್, ಉಪವಾಸದಲ್ಲೇ ರಿಯಾಯಿತಿ ಇರುವಾಗ, ರೋಗಿಯಷ್ಟೇ ನಾಜೂಕಾದ ಈ ಮಗುವಿಗೆ ನಮ್ಮ ಔತಣದಿಂದ ರಿಯಾಯಿತಿ ಕೊಡಲು ಯಾಕೆ ಇಷ್ಟು ಕಷ್ಟಪಡುತ್ತೇವೋ ತಿಳಿಯದು.

ಕಾರಿನಲ್ಲಿ ಕೂತರೆ ಮಗುವಿಗೆ ಏನಾಗುತ್ತದೆ, ನಾವೆಲ್ಲ ಹಾಗೆಯೇ ಬೆಳೆದವರಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಉತ್ತರ ಮಗುವಿನ ಕುತ್ತಿಗೆಯಲ್ಲಿದೆ. ಬೇಗ ಹುಟ್ಟಿದ ಮಗುವಿನ ತಲೆ ದೇಹಕ್ಕೆ ಹೋಲಿಸಿದರೆ ದೊಡ್ಡದು ಮತ್ತು ಭಾರ, ಕುತ್ತಿಗೆಯ ಸ್ನಾಯುಗಳಿಗೆ ಅದನ್ನು ಹಿಡಿದಿಡುವ ಬಲವಿಲ್ಲ. ಮಗುವನ್ನು ಕುಳಿತ ಭಂಗಿಯಲ್ಲಿಟ್ಟರೆ ತಲೆ ಎದೆಯ ಮೇಲೆ ಬಾಗುತ್ತದೆ, ಗಲ್ಲ ಎದೆಗೆ ತಾಗುತ್ತದೆ. ಅದರ ಶ್ವಾಸನಾಳ ಬಹಳ ಸಣ್ಣದು ಮತ್ತು ಮೆತ್ತನೆಯದು. ಬಾಗಿದ ಹುಲ್ಲುಕೊಳವೆಯಂತೆ ಅದು ಮಡಚಿಕೊಂಡರೆ ಗಾಳಿ ಹೋಗುವ ದಾರಿ ಕಿರಿದಾಗುತ್ತದೆ. ದೊಡ್ಡ ಮಗುವಾದರೆ ಕೊಸರಾಡುತ್ತದೆ, ಅಳುತ್ತದೆ. ಈ ಮಗು ಸುಮ್ಮನೆ ಮಲಗಿರುತ್ತದೆ. ಹಿಂದಿನ ಸೀಟಿನಲ್ಲಿದ್ದವರು, ಪಾಪ, ಎಷ್ಟು ಚೆನ್ನಾಗಿ ನಿದ್ದೆ ಹೋಗಿದೆ ಎನ್ನುತ್ತಾರೆ.

ಇದರ ಜೊತೆಗೆ ಇನ್ನೊಂದು ತೊಂದರೆಯಿದೆ. ಉಸಿರಾಡು ಎಂದು ಅಪ್ಪಣೆ ಕೊಡುವ ಮೆದುಳಿನ ಭಾಗ ಈ ಮಕ್ಕಳಲ್ಲಿ ಇನ್ನೂ ಬಲಿತಿರುವುದಿಲ್ಲ. ಆದ್ದರಿಂದ ಮಧ್ಯೆ ಮಧ್ಯೆ 20 ಸೆಕೆಂಡಿಗಿಂತ ಹೆಚ್ಚು ಹೊತ್ತು ಉಸಿರು ನಿಲ್ಲಿಸುವುದುಂಟು. ಹೆಚ್ಚಿನ ಮಕ್ಕಳಲ್ಲಿ ಗರ್ಭದ ಲೆಕ್ಕದ 36–37 ವಾರದ ಹೊತ್ತಿಗೆ ಇದು ತಾನಾಗಿ ನಿಲ್ಲುತ್ತದೆ. 28 ವಾರಕ್ಕೂ ಮೊದಲು ಹುಟ್ಟಿದವರಲ್ಲಿ 40 ವಾರ ದಾಟಿದ ಮೇಲೂ ಮುಂದುವರಿಯಬಹುದು. ಅದಕ್ಕೇ ಆಸ್ಪತ್ರೆಯವರು ಕೊನೆಯ ಬಾರಿ ಉಸಿರು ನಿಂತ ದಿನದಿಂದ ಮುಂದೆ ಹಲವು ದಿನ ಕಾದು, ಮತ್ತೆ ಆಗಲಿಲ್ಲವೆಂದು ಖಚಿತವಾದ ಮೇಲೆ ಮನೆಗೆ ಕಳುಹಿಸುತ್ತಾರೆ. ಬಿಲ್ಲು ಏರುತ್ತದೆಂದು ಎರಡು ದಿನ ಮೊದಲೇ ಹಟ ಮಾಡಿ ಬಿಡಿಸಿಕೊಂಡು ಬರುವುದು ಎಷ್ಟು ಅಪಾಯವೆಂದು ಇದರಿಂದ ತಿಳಿಯಬಹುದು.

ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ತಿಂಗಳು ತುಂಬಿದವರೂ ತುಂಬದವರೂ ಸೇರಿದಂತೆ 40 ಶಿಶುಗಳನ್ನು ಕಾರಿನ ಮಕ್ಕಳ ಸೀಟಿನಲ್ಲಿ ಇರಿಸಿ, ಗಂಟೆಗೆ 30 ಮೈಲಿ ವೇಗದಲ್ಲಿ ಓಡುವ ಕಾರಿನಂತೆ ಸೀಟನ್ನು ಅಲುಗಿಸಿದರು. ನಮ್ಮ ಲೆಕ್ಕದಲ್ಲಿ ಅದು ಸುಮಾರು 50 ಕಿ.ಮೀ. ಅರ್ಧ ಗಂಟೆಯೊಳಗೇ ಮಕ್ಕಳ ಎದೆಬಡಿತ, ಉಸಿರಾಟ ಹೆಚ್ಚಾಗಿ, ರಕ್ತದ ಆಮ್ಲಜನಕ ಸಮತಟ್ಟಾಗಿ ಮಲಗಿದ್ದಾಗ ಇದ್ದುದಕ್ಕಿಂತ ಕೆಳಗೆ ಇಳಿದದ್ದು ಕಂಡಿತು. ಅಲ್ಲಿನ ನಯವಾದ ರಸ್ತೆಯ ಲೆಕ್ಕ ಅದು. ನಮ್ಮ ಹಂಪ್ಸು, ಹೊಂಡಗಳ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಲಿ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1990ರ ದಶಕದಿಂದಲೇ ಒಂದು ಪರೀಕ್ಷೆಯನ್ನು ಸೂಚಿಸುತ್ತ ಬಂದಿದೆ. ಮನೆಗೆ ಕಳುಹಿಸುವ ಮುನ್ನ ಮಗುವನ್ನು ಅದರದೇ ಕಾರ್ ಸೀಟಿನಲ್ಲಿ 90ರಿಂದ 120 ನಿಮಿಷ, ಅಥವಾ ಮನೆಯ ದಾರಿ ಅದಕ್ಕಿಂತ ಉದ್ದವಾಗಿದ್ದರೆ ಅಷ್ಟು ಹೊತ್ತು ಕೂರಿಸಿ, ಉಸಿರು, ಎದೆಬಡಿತ, ಆಮ್ಲಜನಕ ನೋಡುವುದು. ಕೆನಡದ ಮಕ್ಕಳ ವೈದ್ಯರ ಸಂಘ 2016ರಲ್ಲಿ, ಎಲ್ಲ ಅವಧಿಪೂರ್ವ ಶಿಶುಗಳಿಗೂ ಇದನ್ನು ಕಡ್ಡಾಯದಂತೆ ಮಾಡುವುದರಿಂದ ಪ್ರಯೋಜನ ಖಚಿತವಿಲ್ಲ ಎಂದಿತು. ಒಂದು ದಿನ ಪಾಸಾದ ಮಗು ಇನ್ನೊಂದು ದಿನ ನಪಾಸಾಗಬಹುದು. ಇಬ್ಬರ ವಾದವೂ ಇರಲಿ. ಪರೀಕ್ಷೆ ಮಾಡುವುದೋ ಬಿಡುವುದೋ ಎಂದು ಅಲ್ಲಿ ಚರ್ಚೆ. ನಮ್ಮಲ್ಲಿ ಮನೆ ಎಷ್ಟು ದೂರ, ಯಾವ ವಾಹನ, ಮಗು ಎಲ್ಲಿ ಮಲಗುತ್ತದೆ ಎಂಬ ಮೂರು ಮಾತನ್ನು ಕೇಳುವವರೇ ಇಲ್ಲ. ಬಿಡುಗಡೆಯ ಚೀಟಿಯಲ್ಲಿ ಅದಕ್ಕೊಂದು ಸಾಲು ಇಡಲು ಯಂತ್ರವೂ ಬೇಡ, ಹಣವೂ ಬೇಡ. ಆಸ್ಪತ್ರೆಯವರು ಕೇಳದಿದ್ದರೆ ನಾವು ಕೇಳಬೇಕು. ಡಾಕ್ಟರ್, ನಮ್ಮ ಮನೆಗೆ ಎರಡು ಗಂಟೆ ದಾರಿ ಇದೆ, ಈ ಮಗು ಹೋಗಬಹುದೇ, ಹೇಗೆ ಹೋಗಬೇಕು? ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಮಕ್ಕಳ ಸೀಟು ಎಂದ ಕೂಡಲೇ ಅದು ದೊಡ್ಡವರ, ಗಲ್ಫಿನವರ ಶೋಕಿ ಎಂಬ ಭಾವನೆ ನಮ್ಮಲ್ಲಿದೆ. ತಾಯಿಯ ಮಡಿಲಿಗಿಂತ ಸುರಕ್ಷಿತವಾದ ಜಾಗ ಬೇರೆ ಉಂಟೇ? ಮನೆಯೊಳಗೆ ಇಲ್ಲ. ಕಾರಿನೊಳಗೆ ಉಂಟು. ಗಂಟೆಗೆ 50 ಕಿ.ಮೀ. ವೇಗದ ಕಾರು ಎದುರಿನ ವಾಹನಕ್ಕೆ ಬಡಿದು ನಿಂತಾಗ ಒಳಗಿರುವ ಪ್ರತಿಯೊಂದು ವಸ್ತುವೂ ತನ್ನ ತೂಕದ ಸುಮಾರು ಮೂವತ್ತು ಪಟ್ಟು ಬಲದಲ್ಲಿ ಮುಂದಕ್ಕೆ ಎಸೆಯಲ್ಪಡುತ್ತದೆ. ಎರಡು ಕಿಲೋದ ಮಗು ಆ ಕ್ಷಣದಲ್ಲಿ ಅರುವತ್ತು ಕಿಲೋ ಅಕ್ಕಿಮೂಟೆಯಂತೆ. ಹೆರಿಗೆಯಿಂದ ಸೋತ ತಾಯಿ ಬಿಡಿ, ಜಟ್ಟಿಯೊಬ್ಬನಿಗೂ ಅದನ್ನು ಕೈಯಲ್ಲಿ ಹಿಡಿದಿಡಲಾಗದು. ಮುಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿಟ್ಟು ಕೂರುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಏರ್‌ಬ್ಯಾಗ್ ಸ್ಫೋಟಿಸಿದರೆ ಅದೊಂದೇ ಸಾಕು.

ಕಾನೂನೂ ಇದನ್ನು ಹೇಳುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ವಾಹನ ಓಡಿಸಿದರೆ ಸಾವಿರ ರೂಪಾಯಿ ದಂಡ. ಅದಕ್ಕಾಗಿ ಬಿ.ಸಿ.ರೋಡಿನಲ್ಲಿ ಯಾರನ್ನಾದರೂ ನಿಲ್ಲಿಸಿ ಕೇಳಿದ್ದನ್ನು ನಾನಂತೂ ಕಂಡಿಲ್ಲ. ಇನ್ನು ಬೈಕಿನಲ್ಲಿ ಮಕ್ಕಳನ್ನು ಕೊಂಡೊಯ್ಯುವ ಬಗ್ಗೆ 2022ರಲ್ಲಿ ಬಂದ ನಿಯಮ ಹೆಲ್ಮೆಟ್ಟಿನ ಮಾತು ಆಡುವುದು ಒಂಬತ್ತು ತಿಂಗಳು ದಾಟಿದ ಮಕ್ಕಳಿಗೆ. ಹಸುಗೂಸನ್ನು ಶಾಲಿನಲ್ಲಿ ಸುತ್ತಿ ಸ್ಕೂಟರಿನ ಹಿಂದೆ ಕೂರುವ ತಾಯಂದಿರನ್ನು ನಿತ್ಯ ಕಾಣುತ್ತೇವೆ. ಅದರ ಬಗ್ಗೆ ಬೇರೆ ಹೇಳಲು ಏನೂ ಇಲ್ಲ, ಆಗಕೂಡದು ಅಷ್ಟೇ.

ಸೀಟು ಇದ್ದರೂ ಅದು ಈ ಮಗುವಿಗೆ ಹೊಂದಬೇಕು. ಎಲ್ಲ ಸೀಟೂ ಎರಡು ಕಿಲೋದ ಮಗುವಿಗಲ್ಲ. ಕನಿಷ್ಠ ಎಷ್ಟು ತೂಕದ ಮಗುವಿಗೆ ಎಂದು ಸೀಟಿನ ಮೇಲೆಯೇ ಬರೆದಿರುತ್ತದೆ, ಕೊಳ್ಳುವ ಮೊದಲು ಓದಿ. ಅದು ಹಿಂದಿನ ಸೀಟಿನಲ್ಲಿ, ಮಗುವಿನ ಮುಖ ಕಾರಿನ ಹಿಂಭಾಗಕ್ಕೆ ಇರುವಂತೆ, ಸುಮಾರು 45 ಡಿಗ್ರಿ ಓರೆಯಾಗಿ ಕೂರಬೇಕು. ಇನ್ನೂ ನೆಟ್ಟಗೆ ಇದ್ದರೆ ತಲೆ ಮುಂದಕ್ಕೆ ಬೀಳುತ್ತದೆ. ಭುಜದ ಪಟ್ಟಿ ಮಗುವಿನ ಭುಜದ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗಿನಿಂದ ಬರಬೇಕು. ಸಣ್ಣ ಮಗುವಿಗೆ ಆಗಬೇಕಾದರೆ ಆ ಪಟ್ಟಿಯ ಅತಿ ಕೆಳಗಿನ ರಂಧ್ರ ಸೀಟಿನ ತಳದಿಂದ ಹತ್ತು ಇಂಚಿಗಿಂತ ಎತ್ತರದಲ್ಲಿರಬಾರದು, ಕಾಲುಗಳ ನಡುವಿನ ಪಟ್ಟಿಗೂ ಬೆನ್ನಿನ ಭಾಗಕ್ಕೂ ಐದೂವರೆ ಇಂಚಿಗಿಂತ ಹೆಚ್ಚು ಅಂತರವಿರಬಾರದು. ಅಂಗಡಿಗೆ ಹೋಗುವಾಗ ಟೇಪು ಹಿಡಿದುಕೊಂಡು ಹೋಗಿ, ಅಂಗಡಿಯವರು ನಕ್ಕರೆ ನಗಲಿ. ತಲೆಯ ಎರಡೂ ಬದಿಗೆ ಮೆತ್ತನೆಯ ಬಟ್ಟೆಯನ್ನು ಸುರುಳಿ ಸುತ್ತಿ ಇಟ್ಟರೆ ತಲೆ ವಾಲುವುದಿಲ್ಲ. ಇನ್ನೊಂದು ಸಣ್ಣ ಸುರುಳಿಯನ್ನು ಕಾಲುಗಳ ನಡುವಿನ ಪಟ್ಟಿಯ ಹತ್ತಿರ ಇಟ್ಟರೆ ಮಗು ಕೆಳಗೆ ಜಾರುವುದಿಲ್ಲ. ಆದರೆ ಬೆನ್ನಿನ ಹಿಂದೆ ಅಥವಾ ತಲೆಯ ಹಿಂದೆ ದಿಂಬು ಇಡಬೇಡಿ. ದಪ್ಪ ಸ್ವೆಟರ್ ತೊಡಿಸಿ, ಕಂಬಳಿ ಸುತ್ತಿ ಅದರ ಮೇಲೆ ಪಟ್ಟಿ ಬಿಗಿಯುವುದೂ ತಪ್ಪು. ಬಟ್ಟೆ ತೆಳ್ಳಗಿರಲಿ, ಪಟ್ಟಿ ಬಿಗಿದ ಮೇಲೆ ಹೊದಿಕೆಯನ್ನು ಮೇಲಿನಿಂದ ಹೊದಿಸಿ. ಮನೆಗೆ ತಲುಪಿದೊಡನೆ ಮಗುವನ್ನು ಸೀಟಿನಿಂದ ತೆಗೆದು ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಬೇಕು. ಚೆನ್ನಾಗಿ ನಿದ್ದೆ ಹೋಗಿದೆಯಲ್ಲ, ಅಲ್ಲೇ ಇರಲಿ ಎಂದು ಸೀಟಿನ ಸಮೇತ ಜಗಲಿಯಲ್ಲಿ ಇಟ್ಟುಬಿಡುವುದು ಪ್ರಯಾಣದಷ್ಟೇ ಅಪಾಯ.

ಹಾಗಾದರೆ ಸೀಟಿಲ್ಲದವರು, ಅಥವಾ ಸೀಟಿಗೆ ಹೊಂದದಷ್ಟು ಸಣ್ಣ ಮಗು ಇರುವವರು ಏನು ಮಾಡಬೇಕು? ನಮ್ಮಲ್ಲಿ ಹೆಚ್ಚಿನವರ ಸ್ಥಿತಿ ಇದೇ ಆದ್ದರಿಂದ ಪುಸ್ತಕದ ಉತ್ತರ ಕೊಟ್ಟು ಜಾರಿಕೊಳ್ಳಲು ಮನಸ್ಸಿಲ್ಲ. ಮೊದಲನೆಯದಾಗಿ, ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದವರಿಗೆ ಮನೆಗೆ ಬಿಡಲು ‘ನಗು–ಮಗು’ ವಾಹನವಿದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ತಾಯಿಗೂ ಕಾಯಿಲೆಯ ಶಿಶುವಿಗೂ ಪ್ರಯಾಣ ಉಚಿತ. ಇದು ದಾನವಲ್ಲ, ಹಕ್ಕು, ಕೇಳಿ ಪಡೆಯಿರಿ. ಖಾಸಗಿ ಆಸ್ಪತ್ರೆಯಾದರೆ, ಮಗು ಬಹಳ ಸಣ್ಣದಿದ್ದರೆ ಅಥವಾ ಆಮ್ಲಜನಕದ ಮೇಲೆ ಇದ್ದರೆ ನರ್ಸ್ ಜೊತೆಗಿರುವ ಆ್ಯಂಬುಲೆನ್ಸನ್ನೇ ಕೇಳಬೇಕು. ಅದೂ ಸಾಧ್ಯವಿಲ್ಲದಿದ್ದರೆ, ಉಳಿಯುವುದು ತಾಯಿಯ ಎದೆ.

ಕಾಂಗರೂ ಆರೈಕೆ ಎಂದು ಎಲ್ಲರೂ ಕೇಳಿರಬಹುದು. 1970ರ ದಶಕದ ಕೊನೆಯಲ್ಲಿ ಕೊಲಂಬಿಯದ ಬೊಗೋಟಾದಲ್ಲಿ, ಇನ್‌ಕ್ಯುಬೇಟರುಗಳು ಸಾಲದೆ ಬಂದಾಗ ವೈದ್ಯ ಎಡ್ಗರ್ ರೇ ಸನಾಬ್ರಿಯಾ ಮಗುವನ್ನು ತಾಯಿಯ ಬರಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಇರಿಸುವ ಈ ಕ್ರಮವನ್ನು ಆರಂಭಿಸಿದರು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಮತ್ತು ಆಫ್ರಿಕದ ನಾಲ್ಕು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದಾಗ ಮೊದಲ 28 ದಿನಗಳ ಸಾವು ನಾಲ್ಕನೆಯ ಒಂದು ಪಾಲು ಕಡಿಮೆಯಾಯಿತು. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿ ಸರಕಾರಿ ಆಸ್ಪತ್ರೆಗಳಿಂದ ಹಿಡಿದು ಮನೆಯವರೆಗೆ ಇದನ್ನು ನಡೆಸಿ ತೋರಿಸಿದ್ದಾರೆ. ಇನ್‌ಕ್ಯುಬೇಟರ್ ಇಲ್ಲದ ಕಡೆ ಮಗುವನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸಲೂ ಈ ಕ್ರಮವನ್ನು ಬಳಸುತ್ತಾರೆ. ಮಗುವಿನ ಮೈ ಬೆಚ್ಚಗಿರುತ್ತದೆ, ಉಸಿರು ಏರುಪೇರಾದರೆ ತಾಯಿಗೆ ತನ್ನ ಎದೆಯ ಮೇಲೆಯೇ ತಿಳಿಯುತ್ತದೆ.

ಆದರೆ ಒಂದನ್ನು ನೆನಪಿಡಬೇಕು. ಕಾಂಗರೂ ಕಟ್ಟು ಬಿಸಿಯನ್ನೂ ಉಸಿರನ್ನೂ ಕಾಯುತ್ತದೆ, ಅಪಘಾತದಿಂದ ಕಾಯುವುದಿಲ್ಲ. ಆದ್ದರಿಂದ ಹಾಗೆ ಹೋಗಬೇಕಾಗಿ ಬಂದವರು ಉಳಿದೆಲ್ಲದರಲ್ಲಿ ಎಚ್ಚರ ವಹಿಸಬೇಕು. ತಾಯಿ ಹಿಂದಿನ ಸೀಟಿನಲ್ಲಿ ಕೂತು ತನ್ನ ಬೆಲ್ಟನ್ನು ತಾನು ಹಾಕಿಕೊಳ್ಳಬೇಕು. ಆ ಬೆಲ್ಟು ಮಗುವಿನ ಮೇಲಿಂದ ಹಾದು ಹೋಗಕೂಡದು, ಬ್ರೇಕ್ ಹಾಕಿದಾಗ ತಾಯಿಯ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. ಮಗುವಿನ ತಲೆ ಒಂದು ಬದಿಗೆ ತಿರುಗಿ, ಮೂಗು ಬಾಯಿ ಕಾಣುತ್ತಿರಬೇಕು, ಕುತ್ತಿಗೆ ಮುಂದಕ್ಕೆ ಮಡಚಿರಬಾರದು. ಬುರ್ಖಾ, ಶಾಲು, ಟವೆಲು ಯಾವುದೂ ಮುಖದ ಮೇಲೆ ಬರಬಾರದು. ಪಕ್ಕದಲ್ಲಿ ಇನ್ನೊಬ್ಬರು ಕೂತು, ಮೊಬೈಲ್ ಬದಿಗಿಟ್ಟು, ಮಗುವಿನ ಮುಖವನ್ನೇ ನೋಡುತ್ತಿರಬೇಕು. ಗಾಡಿ 40 ಕಿ.ಮೀ. ದಾಟಬಾರದು. ಹಗಲು ಹೊತ್ತೇ ಆಗಬೇಕು.

ವೇಗದ ಬಗ್ಗೆ ಇನ್ನೊಂದು ಮಾತು. 2020ರ ಫೆಬ್ರವರಿಯಲ್ಲಿ ಹೃದಯದ ತೊಂದರೆಯಿದ್ದ ನಲವತ್ತು ದಿನದ ಹಸುಳೆಯೊಂದನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಆ್ಯಂಬುಲೆನ್ಸಿನಲ್ಲಿ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮುಟ್ಟಿಸಿದ್ದನ್ನು ಯಾರೂ ಮರೆತಿಲ್ಲ. ಗಾಡಿ ಓಡಿಸಿದವರು ಬೆಳ್ತಂಗಡಿ ತಾಲೂಕಿನವರು. ಊರೂರಿನ ಜನ ರಸ್ತೆಗಿಳಿದು ದಾರಿ ಬಿಡಿಸಿಕೊಟ್ಟರು. ಹೆಮ್ಮೆಯ ಸಂಗತಿಯೇ. ಆದರೆ ಅದರಿಂದ ನಮ್ಮ ಹುಡುಗರು ಕಲಿತ ಪಾಠ, ಮಗು ಕಾರಿನಲ್ಲಿದ್ದರೆ ಬೇಗ ಮುಟ್ಟಿಸಬೇಕು ಎಂಬುದು. ತುರ್ತು ಚಿಕಿತ್ಸೆಗೆ ಹೋಗುವ ಮಗುವಿನ ಲೆಕ್ಕ ಬೇರೆ. ಮನೆಗೆ ಬರುವ ಮಗುವಿಗೆ ಅವಸರವೇನೂ ಇಲ್ಲ. ಎರಡು ಗಂಟೆಯ ದಾರಿಯನ್ನು ಮೂರು ಗಂಟೆ ಮಾಡಿ, ನಡುವೆ ಎರಡು ಸಲ ನಿಲ್ಲಿಸಿ, ಮಗುವನ್ನು ಸೀಟಿನಿಂದ ತೆಗೆದು, ನೆಟ್ಟಗೆ ಮಲಗಿಸಿ, ಹಾಲು ಕೊಟ್ಟು ಹೋಗುವ ಪ್ರಯಾಣ ಅದು. ರಮಳಾನ್ ತಿಂಗಳಾದರೆ ಮಗ್ರಿಬಿಗೆ ಮುಂಚಿನ ಒಂದು ಗಂಟೆ ರಸ್ತೆಯಲ್ಲೇ ಇರಬೇಡಿ. ಉಪವಾಸದ ಚಾಲಕರು ಆ ಹೊತ್ತಿಗೆ ಹೇಗೆ ಗಾಡಿ ಬಿಡುತ್ತಾರೆಂದು ನಾನು ಹೇಳಬೇಕಾಗಿಲ್ಲ.

ಹಾಲನ್ನು ಓಡುವ ಗಾಡಿಯಲ್ಲಿ ಕೊಡಬಾರದು. ಹೊರಡುವ ಮುನ್ನ ಕುಡಿಸಿ, ತೇಗು ಬರಿಸಿ, ಹದಿನೈದು ಇಪ್ಪತ್ತು ನಿಮಿಷ ಎತ್ತಿ ಹಿಡಿದ ಮೇಲೆ ಹೊರಡಿ. ಎ.ಸಿ.ಯ ಗಾಳಿ ನೇರವಾಗಿ ಮಗುವಿಗೆ ಹೊಡೆಯಬಾರದು, ಹಾಗೆಂದು ಏಪ್ರಿಲಿನ ಸೆಕೆಯಲ್ಲಿ ಗಾಜು ಮುಚ್ಚಿ ಬೇಯಿಸಲೂಬಾರದು. ಮಗುವಿನ ಮೈಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಪಾದ ಮತ್ತು ಹೊಟ್ಟೆ ಎರಡೂ ತಣ್ಣಗಾಗಿದ್ದರೆ ಮಗು ಚಳಿಯಲ್ಲಿದೆ ಎಂದರ್ಥ. ಕಾರಿನಲ್ಲಿ ತೂಗುಹಾಕಿದ ಸುಗಂಧದ ಬಾಟಲಿಯನ್ನು ಹಿಂದಿನ ದಿನವೇ ತೆಗೆದಿಡಿ. ಅತ್ತರು ಪೂಸಿಕೊಂಡವರು, ಬೀಡಿ ಸಿಗರೇಟು ಸೇದಿದವರು, ಮೂಗು ಸುರಿಯುತ್ತಿರುವವರು ಆ ಕಾರಿನಲ್ಲಿ ಬೇಡ. ಮನೆಯಲ್ಲಿ ಮಗುವನ್ನು ಬರಮಾಡಿಕೊಳ್ಳಲು ಊದಿನ ಹೊಗೆ, ಸಾಂಬ್ರಾಣಿ ಹೊಗೆ ಹಾಕುವುದೂ ಬೇಡ. ಆ ಶ್ವಾಸಕೋಶ ಇನ್ನೂ ಬೆಳೆಯುತ್ತಿದೆ.

ದಾರಿಯಲ್ಲಿ ಮಗುವಿನ ತುಟಿ, ನಾಲಗೆ ನೀಲಿಯಾದರೆ, ಮುಖ ಬೂದಿಯ ಬಣ್ಣಕ್ಕೆ ತಿರುಗಿದರೆ, ನರಳಿದಂತೆ ಸದ್ದು ಬಂದರೆ, ಪಕ್ಕೆಲುಬಿನ ಕೆಳಗೆ ಗುಳಿ ಬೀಳುವಷ್ಟು ಕಷ್ಟಪಟ್ಟು ಉಸಿರೆಳೆದರೆ, ಕೈಕಾಲು ಜೋತುಬಿದ್ದರೆ ಗಾಡಿಯನ್ನು ಬದಿಗೆ ನಿಲ್ಲಿಸಿ. ಮಗುವನ್ನು ಸೀಟಿನಿಂದ ತೆಗೆದು ಸಮತಟ್ಟಾಗಿ ಮಲಗಿಸಿ, ಕುತ್ತಿಗೆ ನೇರ ಮಾಡಿ, ಬೆನ್ನು ಉಜ್ಜಿ, ಅಂಗಾಲಿಗೆ ಬೆರಳಿನಿಂದ ತಟ್ಟಿ. ಹೆಚ್ಚಿನ ಸಲ ಮಗು ಉಸಿರೆಳೆದುಕೊಳ್ಳುತ್ತದೆ. ಎಳೆದುಕೊಂಡರೂ ಮನೆಗೆ ಹೋಗಬೇಡಿ, 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಬಂಟ್ವಾಳ, ಬೆಳ್ತಂಗಡಿಗಳಲ್ಲಿ ತಾಲೂಕು ಆಸ್ಪತ್ರೆ ಇದೆ, ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ. ದಾರಿಯಲ್ಲಿ ಮಕ್ಕಳ ವೈದ್ಯರು ಎಲ್ಲೆಲ್ಲಿ ಸಿಗುತ್ತಾರೆಂದು ಹೊರಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಚಾರ್ಮಾಡಿ ಹತ್ತಿ ಚಿಕ್ಕಮಗಳೂರು ಕಡೆಗೆ ಹೋಗುವ ಆಲೋಚನೆಯಿದ್ದರೆ ಅದನ್ನು ತಿಂಗಳುಗಳ ಮಟ್ಟಿಗೆ ಮುಂದೂಡಿ. ತಿರುವು ತಿರುವಿಗೆ ಮಗುವಿನ ತಲೆ ಅತ್ತಿಂದಿತ್ತ ವಾಲುತ್ತದೆ, ಆಸ್ಪತ್ರೆ ದೂರ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ದಾರಿಯೇ ಮುಚ್ಚಿದ್ದು ನೆನಪಿರಲಿ.

ಇಷ್ಟೆಲ್ಲ ಓದಿ ಹೆದರಿ, ಮಗುವನ್ನು ಎಲ್ಲಿಗೂ ಕೊಂಡೊಯ್ಯುವುದೇ ಬೇಡ ಎಂದು ಕೂತರೆ ಅದು ಇನ್ನೊಂದು ಅನಾಹುತ. ಕೆಲವು ಪ್ರಯಾಣಗಳನ್ನು ಮಾಡಲೇಬೇಕು. 34 ವಾರಕ್ಕೂ ಮುಂಚೆ ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕವಿದ್ದ ಮಗುವಿನ ಕಣ್ಣಿನ ಪರದೆಯನ್ನು ಹುಟ್ಟಿದ ನಾಲ್ಕು ವಾರದೊಳಗೆ ಪರೀಕ್ಷಿಸಬೇಕು. 28 ವಾರಕ್ಕೂ ಮುಂಚೆ ಹುಟ್ಟಿದ್ದಾದರೆ ಎರಡು ಮೂರು ವಾರದೊಳಗೇ. ತಡವಾದರೆ ಮಗು ಶಾಶ್ವತವಾಗಿ ಕುರುಡಾಗಬಹುದು, ಸಮಯಕ್ಕೆ ಲೇಸರ್ ಚಿಕಿತ್ಸೆ ಆದರೆ ಹೆಚ್ಚಿನ ಮಕ್ಕಳ ದೃಷ್ಟಿ ಉಳಿಯುತ್ತದೆ. ಈ ದಿನಾಂಕವನ್ನು ಮುಂದೂಡಿ, ಮದುವೆ ಮನೆಯ ದಿನಾಂಕವನ್ನು ಪಾಲಿಸುವವರಿದ್ದಾರೆ. ಲೆಕ್ಕ ತಲೆಕೆಳಗು ಎಂದರೆ ಇದು. ಕಣ್ಣು, ಕಿವಿ, ತೂಕ ಎಲ್ಲವನ್ನೂ ಒಂದೇ ದಿನ ನೋಡಿಸಿಕೊಡಿ ಎಂದು ಆಸ್ಪತ್ರೆಯನ್ನು ಕೇಳಿದರೆ ಮೂರು ಪ್ರಯಾಣ ಒಂದಾಗುತ್ತದೆ. ಚುಚ್ಚುಮದ್ದಿಗೆ ಮಂಗಳೂರು ಬೇಡ, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಆಶಾ ಕಾರ್ಯಕರ್ತೆ ಮನೆಗೇ ಬಂದು 42ನೆಯ ದಿನದವರೆಗೆ ಮಗುವನ್ನು ನೋಡಬೇಕೆಂಬುದು ಸರಕಾರದ ಕ್ರಮ, ಅವರನ್ನು ಬಾಗಿಲಿನಿಂದಲೇ ಕಳುಹಿಸಬೇಡಿ.

ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಕಿಡ್‌ರಾಪ್ ಎಂಬ ಯೋಜನೆ ಆರಂಭಿಸಿದರು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೇ ಹೋಗಿ ಮಗುವಿನ ಕಣ್ಣಿನ ಚಿತ್ರ ತೆಗೆಯುತ್ತಾರೆ, ದೂರದಲ್ಲಿ ಕೂತ ತಜ್ಞರು ಅದನ್ನು ನೋಡಿ ಹೇಳುತ್ತಾರೆ. ಮಗು ಊರು ಬಿಟ್ಟು ಬರಬೇಕಾಗಿಲ್ಲ. ಕ್ಯಾಮೆರಾ ಪ್ರಯಾಣ ಮಾಡಬಹುದಾದರೆ ಚಿಕ್ಕಪ್ಪ ದೊಡ್ಡಪ್ಪಂದಿರು ಮಾಡಬಾರದೇ? ಮಗುವನ್ನು ನೋಡಬೇಕೆನ್ನುವವರು ಬರಲಿ. ಒಬ್ಬೊಬ್ಬರಾಗಿ ಬರಲಿ, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯಲಿ, ಮುತ್ತು ಕೊಡದೆ ದೂರದಿಂದ ನೋಡಿ, ದುಆ ಮಾಡಿ ಹೋಗಲಿ. ಗಲ್ಫಿನಿಂದ ಬಂದ ಬಾಪ ತನ್ನ ಹದಿನೈದು ದಿನವನ್ನು ಆ ಒಂದೇ ಮನೆಯಲ್ಲಿ ಕಳೆಯಲಿ. ಅಂಗಿ ಬಿಚ್ಚಿ ಮಗುವನ್ನು ಎದೆಗೆ ಕಟ್ಟಿಕೊಂಡು ಕೂರುವ ಕೆಲಸವನ್ನು ಅವನೂ ಮಾಡಬಹುದು. ಕಾಂಗರೂ ಆರೈಕೆ ತಾಯಿಗೆ ಮಾತ್ರ ಮೀಸಲಲ್ಲ. ಇದನ್ನು ಕೇಳಿ ನಗುವ ಗಂಡಸರಿಗೆ, ಮೂರು ದಿನ ಮಾಡಿ ನೋಡಿ ಎಂದಷ್ಟೇ ಹೇಳುತ್ತೇನೆ.

ಕೊನೆಗೆ ನಮ್ಮ ಜಮಾಅತುಗಳಿಗೂ ಯುವಕ ಸಂಘಗಳಿಗೂ ಒಂದು ವಿನಂತಿ. ಆ್ಯಂಬುಲೆನ್ಸ್ ಇಟ್ಟಿದ್ದೀರಿ, ರಕ್ತದಾನ ಶಿಬಿರ ಮಾಡುತ್ತೀರಿ, ಮಂಚ, ಗಾಲಿಕುರ್ಚಿ ಎರವಲು ಕೊಡುತ್ತೀರಿ. ಅದರ ಜೊತೆಗೆ ಸಣ್ಣ ಶಿಶುವಿಗೆ ಹೊಂದುವ ಎರಡು ಕಾರ್ ಸೀಟುಗಳನ್ನು ಖರೀದಿಸಿ ಇಟ್ಟುಕೊಳ್ಳಿ. ಆಸ್ಪತ್ರೆಯಿಂದ ಮನೆಗೆ ಬರುವ ದಿನಕ್ಕೂ ಮುಂದಿನ ತಪಾಸಣೆಯ ದಿನಗಳಿಗೂ ಬೇಕಾದವರು ಕೊಂಡುಹೋಗಿ ವಾಪಸು ತರಲಿ. ಒಂದು ಸೀಟಿನ ಬೆಲೆ ಸಾವಿರಗಳ ಲೆಕ್ಕದಲ್ಲಿರುತ್ತದೆ, ನಲವತ್ತನೆಯ ದಿನದ ಔತಣದ ಖರ್ಚಿನ ಮುಂದೆ ಅದು ಏನೂ ಅಲ್ಲ. ಪ್ರತಿ ಸಲ ವಾಪಸು ಬಂದ ಮೇಲೆ ಬಟ್ಟೆಯ ಹೊದಿಕೆಯನ್ನು ಬಿಚ್ಚಿ ತೊಳೆದು ಬಿಸಿಲಿಗೆ ಹಾಕಬೇಕು, ಪಟ್ಟಿ ಬಕಲುಗಳನ್ನು ಒರಸಬೇಕು. ಅಪಘಾತ ಕಂಡ ಸೀಟನ್ನು, ಮೇಲೆ ಬರೆದ ಅವಧಿ ಮುಗಿದ ಸೀಟನ್ನು ಮತ್ತೆ ಯಾರಿಗೂ ಕೊಡಬಾರದು. ಸೀಟು ಕಟ್ಟುವುದು ಹೇಗೆಂದು ಸಂಘದ ಒಬ್ಬ ಹುಡುಗ ಚೆನ್ನಾಗಿ ಕಲಿತುಕೊಂಡು, ಬಿಡುಗಡೆಯ ದಿನ ಆಸ್ಪತ್ರೆಗೆ ಹೋಗಿ ಕಟ್ಟಿಕೊಟ್ಟು ಬಂದರೆ ಇನ್ನೂ ಒಳ್ಳೆಯದು.